ಹೆಡ್‌ಫೋನಿಗೆ ಹೊಲಿದ ಮೆತ್ತೆ

ಪಣಕಹಳ್ಳಿ
12-2-1981, ಗುರುವಾರ

ನನ್ನ ಯಜಮಾನರಿಗೆ ಶಿವಮಲ್ಲಮ್ಮ ಮಾಡುವ ನಮಸ್ಕಾರಗಳು.

ಕೂಸು ಚೆನ್ನಾಗಿದೆ. ಮಗ್ಗುಲಾಗುವುದು ಕಲಿತಿದ್ದಾಳೆ. ಕಂಬ ಹಾಕುವ ಕರೆಂಟ್ ಕ್ಯಾಂಪಿನ ಆ ಚಳಿಯಲ್ಲಿ ನಿಮ್ಮ ಕೆಮ್ಮು ಹೇಗಿದೆ? ನಿಮ್ಮ ಎರಡು ಕಾಗದ ಬಂದು ಒಂದು ತಿಂಗಳಾಯಿತು. ಉತ್ತರ ಬರೆಯದಿದ್ದಕ್ಕೆ ಕೋಪ ಮಾಡಿಕೊಳ್ಳಬೇಡಿ. ಬರೆಯಲು ಕೂತಾಗಲೆಲ್ಲ ಒಂದೇ ವಿಷಯ ಮುಂದೆ ಬಂದು ನಿಲ್ಲುತ್ತಿತ್ತು. ಅದನ್ನು ಬಿಟ್ಟು ಬೇರೆ ಬರೆಯಲು ಕೈ ಏಳುತ್ತಿರಲಿಲ್ಲ. ಹೆಡ್‌ಫೋನ್ ಕೆಟ್ಟಿದೆ.

ನಿಮ್ಮ ಚಿಕ್ಕಪ್ಪ ಮಿಲಿಟರಿಯಿಂದ ತಂದಿದ್ದಕ್ಕೆ ನೀವು ವೈರು ಜೋಡಿಸಿ, ರೇಡಿಯೋ ಜೋರಾಗಿ ಹಾಕಿದರೆ ಕೂಸು ಎದ್ದೀತು, ಇದನ್ನು ಹಾಕಿಕೊಂಡು ಕೇಳು ಎಂದು ಕೊಟ್ಟು ಹೋದಿರಿ. ಆದರೆ ಮೂರು ತಿಂಗಳು ಅದನ್ನು ಮುಟ್ಟಲು ಆಗಲಿಲ್ಲ. ಬಾಣಂತಿಗೆ ಶೀತ ಹೊಕ್ಕರೆ ಜನ್ಮಕ್ಕೂ ಬಿಡುವುದಿಲ್ಲವೆಂದು ಅವ್ವ ನನ್ನ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಬಟ್ಟೆ ಬಿಗಿದು ಕೂರಿಸಿದ್ದರು. ಯಾರು ಏನು ಹೇಳಿದರೂ ಬಾವಿಯೊಳಗಿಂದ ಹೇಳಿದ ಹಾಗೆ ಕೇಳುತ್ತಿತ್ತು. ಬಾಣಂತಿ ಎಂದರೆ ಹೀಗೇ ಎಂದು ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಹೊಸ ವರ್ಷದ ಹೊತ್ತಿಗೆ ಹತ್ತಿ ತೆಗೆದರು. ಅವತ್ತೇ ಹೆಡ್‌ಫೋನ್ ಹಾಕಿಕೊಂಡೆ. ಗುಡ್ಡದ ಆಚೆ ಯಾರೋ ಹಾಡುತ್ತಿರುವ ಹಾಗಿತ್ತು. ಬಿಚ್ಚಿ ನೋಡಿದರೆ ಬಟ್ಟಲುಗಳ ಸುತ್ತ ಕಿವಿಗೆ ಒತ್ತುವ ಮೆತ್ತೆಗಳು ಸತ್ತೇ ಹೋಗಿದ್ದವು. ಮೇಲಿನ ರೆಕ್ಸಿನ್ ಸುಲಿದಿತ್ತು, ಒಳಗಿನ ಸ್ಪಂಜು ಬೆರಳಿಗೆ ಸಿಕ್ಕಿದರೆ ಪುಡಿಯಾಗುತ್ತಿತ್ತು. ನನ್ನ ಕೆನ್ನೆಗೆ ಮೆತ್ತಿದ ಕರಿ ಹುಡಿ ನೋಡಿ ಮಂಗಳಮ್ಮ ಅತ್ತಿಗೆ, “ಕೂಸಿಗಿಡೋ ದಿಷ್ಟಿಬೊಟ್ಟ ನೀನೇ ಇಟ್ಕಂಡಿದ್ದೀಯಲ್ಲಮ್ಮಿ, ನಿನ್ ಚೆಂದಕ್ ಯಾರ್ ಕಣ್ಣ್ ಬಿತ್ತು?” ಎಂದು ಅಣಕಿಸಿದರು.

ಮೆತ್ತೆ ಕಿವಿಯ ಸುತ್ತ ಸರಿಯಾಗಿ ಕೂತರೇ ಸದ್ದು ಒಳಗೆ ನಿಲ್ಲುವುದು ಎಂದು ನೀವು ಹೇಳಿದ್ದಿರಿ. ಆ ಮಾತನ್ನೇ ಹಿಡಿದುಕೊಂಡೆ. ಮೊದಲು ಹಳೇ ಸೀರೆಯ ಬಟ್ಟೆಗೆ ಬೂರುಗದ ಹತ್ತಿ ತುಂಬಿ ಬಳೆಯ ಹಾಗೆ ಹೊಲಿದೆ. ದಪ್ಪವಾಗಿ ಕಿವಿಯಿಂದ ದೂರ ನಿಂತಿತು. ಬಿಚ್ಚಿ ಅರ್ಧ ಹತ್ತಿ ತೆಗೆದೆ. ಕೇಳಲಿಲ್ಲ. ಬಟ್ಟೆಯಲ್ಲಿ ಸದ್ದು ಸೋರುತ್ತಿದೆ ಎನ್ನಿಸಿ ಎರಡು ಪದರ ಮಾಡಿದೆ. ಆಗಲೂ ಇಲ್ಲ. ಹೀಗೆ ಐದು ಸಲ. ಸೂಜಿ ಚುಚ್ಚಿ ಚುಚ್ಚಿ ಹೆಬ್ಬೆರಳಲ್ಲಿ ಕೀವಾಗಿದೆ. ಹುಚ್ಚು ಎನ್ನಬೇಡಿ. ಅದು ಸರಿಯಾಗಲೇಬೇಕು. ಯಾಕೆ ಅಷ್ಟು ಎಂದು ಕೇಳಬೇಡಿ.

ನೀವು ರೇಡಿಯೋದ ಕೋರಿಕೆ ಹಾಡಿಗೆ ಕಾರ್ಡು ಹಾಕಿದ್ದೀರೆಂದೂ ಈ ಭಾನುವಾರ ನಮ್ಮ ಹೆಸರು ಓದುತ್ತಾರೆಂದೂ ಬರೆದಿದ್ದಿರಲ್ಲ, ಅದಕ್ಕೇ ಮೊನ್ನೆ ಮಂಗಳವಾರ ಕೂಸನ್ನು ಅವ್ವನ ಹತ್ತಿರ ಬಿಟ್ಟು ಬಸ್ಸು ಹತ್ತಿ ತಾಳವಾಡಿಗೆ ಹೋದೆ. ಬಸ್ಸಿನ ಸೀಟು ಹೊಲಿಯುವ ಕೆಂಪಯ್ಯನವರ ಅಂಗಡಿ ಗೊತ್ತಲ್ಲ. ಹೆಡ್‌ಫೋನ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

“ಇದೇನವ್ವ, ಇಮಾನ ಓಡುಸ್ತೀಯಾ?”

ನಾನು ಸುಲಿದ ಮೆತ್ತೆ ತೋರಿಸಿದೆ. ಮೆತ್ತಗಿರುವ ರೆಕ್ಸಿನ್ನಿನ ಒಂದು ತುಂಡು ಕೊಟ್ಟರು. “ಒಳ್ಗಡಿಂದ ಒಲ್ದು ಆಮೇಕೆ ತಿರುಗುಸ್ಬೇಕು, ತಲೆದಿಂಬು ತರ. ಅಂಚ ಬಟ್ಲಿಗಿಂತ ಒಂದ್ ಚೂರು ಕಮ್ಮಿ ಕತ್ರುಸು, ಎಳ್ದು ಕೂರುಸುದ್ರೆ ಬುಟ್ಟೋಗಲ್ಲ” ಎಂದರು. ಆಮೇಲೆ ಏನೋ ಕೇಳಿದರು. ಮಿಷನ್ನು ಓಡುತ್ತಿತ್ತು, ನನಗೆ ಗೊತ್ತಾಗಲಿಲ್ಲ. ಮಿಷನ್ನು ನಿಲ್ಲಿಸಿ ಮುಖದ ಹತ್ತಿರ ಬಂದರು. “ನೂಲು ಬೇಕಾ ಅಂತ ಮೂರು ಸತಿ ಕೇಳ್ದೆ. ಎಲ್ಲದವ್ವ ಗ್ಯಾನ?”

ಎರಡು ಮಾರು ಕೊಡಿ ಎಂದೆ.

“ಅಂಗೈಯಗಲದ ಎಲ್ಡು ಮೆತ್ತೆಗೆ ಎಲ್ಡು ಮಾರಾ? ಗೂಳಿ ಕಟ್ಟಾಕ್ತೀಯಾ?” ಎಂದು ನಕ್ಕರು. ಆದರೂ ಕೊಟ್ಟರು.

ಇವತ್ತು ಮಧ್ಯಾಹ್ನ ಅವ್ವ ಹೊಲಕ್ಕೆ ಹೋಗಿದ್ದಾಗ ಹೊಲಿಯಲು ಕೂತೆ. ಬೆಳಕಿಗೆಂದು ಬಾಗಿಲ ಕಡೆ ಮುಖ ಮಾಡಿದ್ದೆ, ತೊಟ್ಟಿಲು ಬೆನ್ನ ಹಿಂದೆ. ಸ್ವಲ್ಪ ಹೊತ್ತಿಗೆ ಅವ್ವ ಕುಡುಗೋಲು ಹಿಡಿದೇ ಓಡಿ ಬಂದರು. ನನ್ನನ್ನು ದಾಟಿಕೊಂಡು ಹೋಗಿ ಕೂಸನ್ನು ಎತ್ತಿಕೊಂಡರು. ಅತ್ತೂ ಅತ್ತೂ ಅದರ ಮುಖ ನೀಲಿಯಾಗಿತ್ತು. ತೊಟ್ಟಿಲ ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡಿತ್ತು.

“ಕೂಸ್ ಅಳೋದು ಬೀದಿ ಕೊನೇಗೇ ಕೇಳ್ತಾ ಅದ ಕಣಮ್ಮಿ, ನಿಂಗ್ ಕೇಳ್ನಿಲ್ವಾ? ಮಾರುದ್ದ ದೂರ ಇಲ್ಲ ತೊಟ್ಲು.”

ಹೆಡ್‌ಫೋನ್ ಎತ್ತಿ ತೋರಿಸಿದೆ.

“ಸುಟ್ಟಾಕು ಅದ. ಶಿವರಾತ್ರಿ ಕಳುದ್ರೆ ನಿಮ್ಮತ್ತ ಕರ್ಕೋಗಕ್ ಬತ್ತಾಳ. ಅವ್ಳು ಕೂಲಿಗೋದ್ರೆ ಆ ಜೀರಳ್ಳಿ ಕಾಡಂಚಿನ ಮನೇಲಿ ನೀನೂ ಕೂಸೂ ಇಬ್ರೇ. ಆನ ಬಂದು ಬಾಗ್ಲ ಮುರುದ್ರೂ ಇಂಗೇ ಆಡು ಕೇಳ್ತಾ ಕೂತಿರ್ತೀಯಾ?”

ಕೂಸು ಈಗ ಹಾಲು ಕುಡಿದು ಮಲಗಿದೆ. ಒಂದು ಕೈ ಅದರ ಎದೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಈ ಹಾಳೆಯ ಹಿಂದೆ ಹೆಡ್‌ಫೋನಿನ ಬಟ್ಟಲು ಇಟ್ಟು ಸುತ್ತ ಪೆನ್ಸಿಲ್ ಎಳೆದಿದ್ದೇನೆ. ಆ ಅಳತೆಗೆ ಅಂಗಡಿಯ ಮೆತ್ತೆ ಕೊಯಮತ್ತೂರಿನಲ್ಲಿ ಸಿಕ್ಕರೆ ತನ್ನಿ. ಅಂಚೆಯಲ್ಲಿ ಕಳಿಸಬೇಡಿ. ನೀವೇ ತನ್ನಿ. ಶಿವರಾತ್ರಿಗೆ ಮುಂಚೆ ಬನ್ನಿ.

15-2-1981, ಭಾನುವಾರ

ಕಾಗದ ಅಂಚೆಗೆ ಹಾಕಲಿಲ್ಲ. ಇವತ್ತಿನದನ್ನೂ ಬರೆದೇ ಹಾಕೋಣವೆಂದು ಇಟ್ಟುಕೊಂಡೆ.

ಮೆತ್ತೆ ನಿನ್ನೆ ಮುಗಿಯಿತು. ಕೆಂಪಯ್ಯ ಹೇಳಿದ ಹಾಗೆ ಒಳಗಿನಿಂದ ಹೊಲಿದು ತಿರುಗಿಸಿದೆ. ಅಂಚನ್ನು ಎಳೆದು ಕೂರಿಸಿದರೆ ಬಟ್ಟಲಿನ ಸುತ್ತ ಕೊರೆದ ಗೀರಿಗೆ ಹೋಗಿ ಕಚ್ಚಿಕೊಂಡಿತು. ಕಿವಿಯ ಸುತ್ತ ಕೂದಲು ತೂರುವಷ್ಟೂ ಸಂದಿ ಇಲ್ಲ. ನೀವು ನೋಡಿದ್ದರೆ ಮೆಚ್ಚುತ್ತಿದ್ದಿರಿ. ವೈರಿನ ತುದಿಯನ್ನು ಹುಣಸೆಹಣ್ಣಿನಿಂದ ಉಜ್ಜಿ ಬೆಳಗಿದೆ. ಹೊಸ ಸೆಲ್ಲು ಹಾಕಿದೆ. ಇನ್ನು ಮಾಡುವುದು ಏನೂ ಉಳಿದಿರಲಿಲ್ಲ.

ಹಾಡಿನ ಹೊತ್ತಿಗೆ ಸ್ನಾನ ಮಾಡಿ, ಲಿಂಗಕ್ಕೆ ಕೈಮುಗಿದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಸದ್ದಿನ ಗುಂಡಿಯನ್ನು ಕೊನೆವರೆಗೂ ತಿರುಗಿಸಿದೆ. ಹಾಕಿಕೊಂಡೆ. ಕೂತೇ ಇದ್ದೆ. ಆಗ ಮಂಗಳಮ್ಮ ಅತ್ತಿಗೆ ಬಂದು, “ಒಬ್ಳೇ ಕೇಳ್ತೀಯಾ, ನಾ ಬ್ಯಾಡ್ವಾ?” ಎಂದು ಕಿತ್ತುಕೊಂಡು ತಮ್ಮ ಕಿವಿಗೆ ಇಟ್ಟುಕೊಂಡರು. ಇಟ್ಟವರೇ ಎರಡೂ ಕೈಯಲ್ಲಿ ಕಿತ್ತು ದೂರ ಹಿಡಿದರು.

“ಶಿವನೇ, ಕಿವಿ ಅರ್ದೋಯ್ತದಲ್ಲಮ್ಮಿ. ಇಷ್ಟ್ ಜೋರಾಗ್ ಎಂಗ್ ಕೇಳ್ತಿದ್ದೆ?”

ಸದ್ದು ಕಮ್ಮಿ ಮಾಡಿಕೊಂಡು ಮತ್ತೆ ಇಟ್ಟುಕೊಂಡರು. ಅವರ ಮುಖವನ್ನೇ ನೋಡುತ್ತಾ ಇದ್ದೆ. ಒಮ್ಮೆಗೇ ನನ್ನ ತೋಳು ಹಿಡಿದು ಅಲ್ಲಾಡಿಸಿದರು. “ಜಡೇಸ್ವಾಮಿ, ಶಿವಮಲ್ಲಮ್ಮ, ಪಣಕಳ್ಳಿ ಅಂದ್ರು. ನೀನ್ ಬಾಯ್ ಬುಟ್ಟು ಏಳ್ದೇ ಇರೋ ಗಂಡನ್ ಎಸರ ರೇಡಿಯೋದೋನು ಊರಿಗೆಲ್ಲ ಏಳ್ಬುಟ್ಟ ನೋಡು” ಎಂದು ನಕ್ಕರು. ಹಾಡು ಮುಗಿಯುವ ತನಕ ತಲೆ ತೂಗುತ್ತಾ ಕೇಳಿದರು. ಮೆತ್ತೆ ಬಲು ಚೆನ್ನಾಗಿ ಹೊಲಿದಿದ್ದೀಯ, ತೆಗೆಯಲು ಮನಸ್ಸೇ ಬರುವುದಿಲ್ಲ ಎಂದರು.

ನಮ್ಮ ಹಾಡು ಬಂತು. ನಮ್ಮ ಹೆಸರು ಬಂತು. ನಿಮಗೆ ಸಂತೋಷವಾಗಲೆಂದು ಬರೆದಿದ್ದೇನೆ. ಕಂಬ ಹತ್ತುವಾಗ ಹುಷಾರು. ಮಾದೇಶ್ವರ ನಿಮ್ಮ ಬೆನ್ನಿಗಿರಲಿ. ಕೂಸು ನಿಮ್ಮ ಹಾಗೆ ಹುಬ್ಬು ಏರಿಸಿ ನೋಡುತ್ತದೆ. ನಿಮ್ಮ ಕೈಯಿಂದ ಅದರ ತಲೆ ಮುಟ್ಟಿ ಹರಸುವ ದಿನ ಬೇಗ ಬರಲಿ.

ನಿಮ್ಮ
ಶಿವಮಲ್ಲಮ್ಮ

ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಒಂದು ಮಾತು ಉಳಿದಿದೆ. ಗುರುವಾರ ಕೂಸು ಅತ್ತಾಗ ಹೆಡ್‌ಫೋನ್ ನನ್ನ ಕಿವಿಯ ಮೇಲೆ ಇರಲಿಲ್ಲ. ಮಡಿಲಲ್ಲಿತ್ತು. ಹೊಲಿಯುತ್ತಿದ್ದೆನಲ್ಲ. ಅವ್ವನಿಗೆ ಸುಳ್ಳು ತೋರಿಸಿದೆ. ನನ್ನ ಕಿವಿ ಹೋಗುತ್ತಿದೆ. ಎದುರಿಗೆ ನಿಂತು ಆಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ, ಅಷ್ಟೇ. ಹತ್ತಿ ಇಟ್ಟಿದ್ದಾಗಲೇ ಹೋಗುತ್ತಿತ್ತು, ಹತ್ತಿ ಎಂದುಕೊಂಡೆ. ಆಮೇಲೆ ಮೆತ್ತೆ ಎಂದುಕೊಂಡೆ. ನಿಮ್ಮ ಮಗಳ ಅಳು ಹೇಗಿದೆ ಎಂದು ಕೇಳಿದ್ದಿರಿ, ನನಗೆ ಗೊತ್ತಿಲ್ಲ. ಅದರ ಬಾಯಿ ತೆರೆಯುವುದು ಮಾತ್ರ ಕಾಣುತ್ತದೆ. ಕೆಂಪಯ್ಯ ಕೊಟ್ಟ ನೂಲಿನಲ್ಲಿ ಮಿಕ್ಕಿದ್ದನ್ನು ಅದರ ಕಾಲ್ಗೆಜ್ಜೆಗೂ ನನ್ನ ಮಣಿಕಟ್ಟಿಗೂ ಕಟ್ಟಿಕೊಂಡು ಮಲಗುತ್ತೇನೆ. ಅದು ಒದ್ದರೆ ಎಳೆಯುತ್ತದೆ, ಏಳುತ್ತೇನೆ. ಅತ್ತೆಗೆ ಯಾವ ಬಾಯಲ್ಲಿ ಹೇಳಲಿ? ನೀವೇ ಬನ್ನಿ. ಹಾಳೆಯ ಹಿಂದಿನ ಅಳತೆಗೆ ಮೆತ್ತೆ ಹುಡುಕಬೇಡಿ.