ಚೌಡೇಶ್ವರಿ ಕೊಟ್ಟ ಬಿಳಿ ಹೂ

ನೆಗಮಂ
12 ಜೂನ್ 2024, ಬುಧವಾರ

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ನೋವು ಹೇಗಿದೆ? ವೈನಿ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಈ ಫೋನಿನ ಕಾಲದಲ್ಲಿ ತಂಗಿ ಕಾಗದ ಬರೆದಿದ್ದಾಳೆಂದು ನಗಬೇಡ. ಇಲ್ಲಿ ನಾನು ಫೋನು ಹಿಡಿದರೆ ಮನೆಮಂದಿಯೆಲ್ಲ ಸುತ್ತ ಬಂದು ಕೂರುತ್ತಾರೆ. ಎಲ್ಲರೂ ಕನ್ನಡ ಮಾತಾಡುವವರೇ, ಆದರೆ ಕಲಿತದ್ದು ತಮಿಳು ಶಾಲೆಯಲ್ಲಿ, ಕನ್ನಡ ಓದಲು ಒಬ್ಬರಿಗೂ ಬಾರದು. ಗುಳೇದಗುಡ್ಡದಲ್ಲಿ ಕಲಿತ ಅಕ್ಷರ ಮದುವೆಯಾದ ಇಪ್ಪತ್ತೆರಡು ವರ್ಷಕ್ಕೆ ಉಪಯೋಗಕ್ಕೆ ಬಂತು ನೋಡು.

ಇವರ ಎಡ ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು, ಬರುವ ಬುಧವಾರ ಕೊಯಮತ್ತೂರಿನಲ್ಲಿ ಆಪರೇಷನ್ ಎಂಬುದು ನಿನಗೆ ಗೊತ್ತೇ ಇದೆ. ಕಿಡ್ನಿ ತೆಗೆಯಲೇಬೇಕು, ಅದರಲ್ಲಿ ಮಾತಿಲ್ಲ. ತಕರಾರೆಲ್ಲ ಕಿಡ್ನಿಯ ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಯದು. ಗಡ್ಡೆ ಮೇಲ್ಭಾಗದಲ್ಲೇ ಇದೆ, ಗ್ರಂಥಿಗೆ ತಾಕಿದೆಯೋ ಇಲ್ಲವೋ ಸ್ಕ್ಯಾನಿನಲ್ಲಿ ಸ್ಪಷ್ಟವಿಲ್ಲ, ಅಗತ್ಯ ಬಿದ್ದರೆ ಅದನ್ನೂ ತೆಗೆಯಲು ಒಪ್ಪಿಗೆ ಬೇಕು ಎಂದರು ಡಾಕ್ಟರು. ಒಂದು ಹೋದರೂ ಬಲಗಡೆಯದು ಕೆಲಸ ಮಾಡುತ್ತದೆ, ಮುಂದೆ ಅದೂ ಕೆಟ್ಟರೆ ಮಾತ್ರ ಜೀವನವಿಡೀ ಮಾತ್ರೆ ಎಂದೂ ಹೇಳಿದರು. ನನ್ನ ಹಾಳು ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ಪಕ್ಕದ ಮನೆ ಮಾರಿಯಮ್ಮನ ಗಂಡ ಯಾವುದೋ ಮಾತ್ರೆ ನುಂಗಿ ನುಂಗಿ ಮೈಯೆಲ್ಲ ಊದಿಕೊಂಡು, ಮಗ್ಗದ ಗುಂಡಿಗೆ ಇಳಿಯಲಾರದೆ ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಇವರು ಮಗ್ಗ ಬಿಟ್ಟು ಒಂದು ದಿನ ಇರುವವರಲ್ಲ.

ಏನೂ ತೋಚದೆ ಇವರು ಹೂ ಕೇಳೋಣ ಎಂದರು. ಇಲ್ಲಿ ಮದುವೆಗೂ ಬಾವಿ ತೋಡುವುದಕ್ಕೂ ಅದೇ. ಬಿಳಿ ಹೂವಿನದೊಂದು ಪೊಟ್ಟಣ, ಕೆಂಪು ಹೂವಿನದೊಂದು ಪೊಟ್ಟಣ, ಚೌಡೇಶ್ವರಿಯ ಮುಂದಿಟ್ಟು ಒಂದನ್ನು ಎತ್ತುವುದು. ಬಿಳಿ ಬಂದರೆ ಗ್ರಂಥಿ ಉಳಿಸುವುದು, ಕೆಂಪು ಬಂದರೆ ತೆಗೆಸುವುದು. ಶುಕ್ರವಾರ ಅತ್ತೆ ಕಾಮಾಕ್ಷಿಯಮ್ಮ ಎತ್ತಿದರು, ಬಿಳಿ ಬಂತು. ಮೂರು ವಾರದಿಂದ ಆಪರೇಷನ್ ಎಂದರೆ ನಡುಗುತ್ತಿದ್ದ ಮನುಷ್ಯ ಅಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ತಾಯಿ ಜೊತೆಗಿದ್ದಾಳೆಂಬ ಧೈರ್ಯದ ಮೇಲೇ ಆಪರೇಷನ್ನಿಗೆ ಹೂಂ ಅಂದರು.

ನಿನ್ನೆ ಹೊಸ ಸ್ಕ್ಯಾನ್ ನೋಡಿದ ಡಾಕ್ಟರು, ಗಡ್ಡೆ ಗ್ರಂಥಿಗೆ ಅಂಟಿದ ಹಾಗಿದೆ, ಬಿಟ್ಟರೆ ಅಪಾಯ, ಎರಡನ್ನೂ ಒಟ್ಟಿಗೆ ತೆಗೆಯಬೇಕು ಎಂದರು. ಇವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ವಾಪಸು ಬರುವಾಗ ಬಸ್ಸು ಅರ್ಧ ದಾರಿಯ ಕಿಣತ್ತುಕಡವು ದಾಟುವವರೆಗೂ ಬೇಡಿಕೊಂಡೆ. “ಚೌಡೇಶ್ವರಿ ಅಮ್ಮ ಬ್ಯಾಡ ಅಂದಾಚು. ಅದಕ್ಕೆ ಮೇಲೆ ಡಾಕ್ಟರ್ ಯಾರು?” ಎಂದವರೇ ಕಿಟಕಿಯ ಕಡೆ ತಿರುಗಿದರು. ಮನೆಗೆ ಬಂದರೆ ಅತ್ತೆಯದೂ ಅದೇ ಹಾಡು: “ಪೂ ಕೊಟ್ಟಾಚಲ್ಲ ದ್ರಾಕ್ಷಾ, ಇನ್ನು ಎದುರು ಮಾತು ಬ್ಯಾಡ.” ಅಣ್ಣಾ, ನನಗೆ ಹೆದರಿಕೆಯಾಗುತ್ತಿದೆ. ಇವರು ಮಾತ್ರ ಈಗಲೂ ಮಗ್ಗದಲ್ಲಿ ಕೂತು, ಆಸ್ಪತ್ರೆಗೆ ಹೋಗುವುದರೊಳಗೆ ಈ ಸೀರೆ ನೇಯ್ದು ಇಳಿಸಿಬಿಡುತ್ತೇನೆ ಎನ್ನುತ್ತಿದ್ದಾರೆ.

ವೈನಿಗೂ ನಿನಗೂ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ಇವರ ಹೆಸರಿನಲ್ಲಿ ಅಲ್ಲಿ ಒಂದು ದೀಪ ಹಚ್ಚಿಸು.

ನಿನ್ನ ತಂಗಿ,
ದ್ರಾಕ್ಷಾಯಣಿ

ತಾ.ಕ.: ಪೊಟ್ಟಣ ಕಟ್ಟಿದವಳು ನಾನು. ಆ ಮಾತ್ರೆಗೆ ಹೆದರಿ ಎರಡರಲ್ಲೂ ಬಿಳಿ ಹೂವನ್ನೇ ಇಟ್ಟಿದ್ದೆ. ಎತ್ತದೆ ಉಳಿದದ್ದನ್ನು ಇಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ. ಇದನ್ನು ಹೇಳಿದರೆ ಇವರು ಆಪರೇಷನ್ನಿಗೇ ಬರಲಾರರು, ಹೇಳದಿದ್ದರೆ ಗ್ರಂಥಿ ತೆಗೆಯಲು ಬಿಡಲಾರರು. ಬುಧವಾರದೊಳಗೆ ಹೇಗಾದರೂ ಬಾ ಅಣ್ಣಾ, ನೀನೇ ಹೇಳು. ನನಗೆ ಬಾಯಿ ಬರುತ್ತಿಲ್ಲ.