ಶಟರಿಗೆ ಎರಡು ಹನಿ

ಬೀಗದ ಅಂಗಡಿಯ ಮೇಲಿನ ಮನೆ,
ತಾರೀಕು ಹದಿನಾರು, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋದೆ, ಎರಡೇ ಅಕ್ಷರಕ್ಕೆ ಮುಗಿದುಹೋಯಿತು. ಮಗಳೇ ಎಂದರೆ ಒಂದಕ್ಷರ ಹೆಚ್ಚು. ಏಳು ತಿಂಗಳ ಮೇಲೆ ಬರೆಯುತ್ತಿರುವ ಕಾಗದ, ಅಷ್ಟಾದರೂ ಧಾರಾಳ ಇರಲಿ. ನೀನು ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನಿನ್ನ ತಾಯಿಯವರ ಕೈಯ ಮೂಳೆ ಕೂಡಿಕೊಂಡಿತೇ? ನಾನೇ ಬಂದು ವಿಚಾರಿಸಬೇಕಿತ್ತು. ಬೀಗಗಳ ಜೊತೆ ನಲವತ್ತು ವರ್ಷ ಸಲೀಸಾಗಿ ಕಳೆದವನು ಬೀಗರ ಮನೆ ಬಾಗಿಲಲ್ಲಿ ಮಾತ್ರ ತಡವರಿಸುತ್ತೇನೆ. ನನ್ನ ಆರೋಗ್ಯ ಹೀಗೇ ಇದೆ. ಮೆಟ್ಟಿಲು ಹತ್ತುವಾಗ ಮಂಡಿ ತನ್ನ ಅಭಿಪ್ರಾಯವನ್ನು ಗಟ್ಟಿಯಾಗಿ ಹೇಳುತ್ತದೆ, ನಾನು ಕೇಳಿಸದವನ ಹಾಗೆ ಹತ್ತುತ್ತೇನೆ.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ, ಅದು ನನ್ನ ಹಳೆಯ ಚಟ. ನಿನ್ನ ಕ್ಯಾಮೆರಾದ ಬಿಡಿಭಾಗ ಹುಡುಕಲು ಇದುವರೆಗೆ ತಗುಲಿದ್ದು ಇಷ್ಟು: ಹನ್ನೊಂದು ಅಂಗಡಿ, ಬಸ್ಸು ಹತ್ತಿ ಇಳಿದದ್ದು ಇಪ್ಪತ್ತಾರು ಸಲ, ಒಂದು ಜೊತೆ ಚಪ್ಪಲಿ, ಬಲಗಾಲಿನ ಮಂಡಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಜೀವ, ಮತ್ತು ನಾನು ಅಂಗಡಿ ಮುಚ್ಚಿ ತಿರುಗಿದ ಹದಿಮೂರು ಮಂಗಳವಾರ. ದುಡ್ಡಿನ ಮಾತು ಬಿಡು, ಅದು ನನಗೂ ನನ್ನ ಗಲ್ಲಾಪೆಟ್ಟಿಗೆಗೂ ಬಿಟ್ಟದ್ದು. ಇನ್ನೊಂದು ಬಾಬ್ತು ಇದೆ, ಅದನ್ನು ಎಲ್ಲಿ ಬರೆಯಬೇಕೋ ಗೊತ್ತಾಗದೆ ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ನೀನು ಹೊರಟ ದಿನ ಆ ಕ್ಯಾಮೆರಾವನ್ನು ಊಟದ ಮೇಜಿನ ಮೇಲಿಟ್ಟು, “ಯಾರು ಕೆಡಿಸಿದರೋ ಅವರೇ ಇಟ್ಕೊಳ್ಳಲಿ” ಎಂದೆ. ನಿನ್ನ ಗಂಡ ಅದನ್ನು ಮುಟ್ಟಲಿಲ್ಲ. ಮೂರು ದಿನ ಅದು ಉಪ್ಪಿನ ಡಬ್ಬಿಯ ಪಕ್ಕದಲ್ಲಿ, ಯಾರೂ ಮಾತಾಡಿಸದ ನೆಂಟನ ಹಾಗೆ ಕೂತಿತ್ತು. ನಾಲ್ಕನೆಯ ದಿನ ನಾನು ಎತ್ತಿಕೊಂಡೆ. ನಿನ್ನ ತಂದೆ ಜೇಬಿನಲ್ಲಿಟ್ಟು ಊರೂರು ಸುತ್ತಿದ ವಸ್ತು, ಅಂಗೈಯಗಲ ಇದ್ದರೂ ತೂಕ ನಮ್ಮ ಏಳು ಲಿವರಿನ ಬೀಗದಷ್ಟು. ಇಂಥದ್ದನ್ನು ಸರಿಮಾಡಲಾಗದಿದ್ದರೆ ನಾನು ಬಸ್‌ಸ್ಟ್ಯಾಂಡಿನ ಮೆಟ್ಟಿಲ ಕೆಳಗೆ ಬೀಗದ ಕೈ ಉಜ್ಜುವ ಒಂದು ಅರ ಹಿಡಿದು ಶುರುಮಾಡಿ ಮೂರು ಬಾಗಿಲಿನ ಅಂಗಡಿ ಮಾಡಿದ್ದಕ್ಕೆ ಏನು ಅರ್ಥ ಎನ್ನುವ ಜಂಬವೂ ಇತ್ತು.

ಆ ಜಂಬ ಮೊದಲ ಅಂಗಡಿಯಲ್ಲೇ ಇಳಿಯಿತು. ಮೊಬೈಲ್ ರಿಪೇರಿಯವನು “ಎಲ್ಲಾ ಒಂದೇ ಸಾರ್” ಎಂದು ನನ್ನ ಕಣ್ಣೆದುರೇ ಬಿಚ್ಚಿದ. ಒಳಗಿದ್ದ ಒಂದು ಸ್ಪ್ರಿಂಗು, ಹುಬ್ಬಿನ ಕೂದಲಿನಷ್ಟು, ಚಿಮ್ಮಿ ಎಲ್ಲಿಗೋ ಹೋಯಿತು. ಇಬ್ಬರೂ ನೆಲದ ಮೇಲೆ ಕೈಯೂರಿ ಹುಡುಕಿದೆವು, ಸಿಗಲಿಲ್ಲ. ಅಷ್ಟು ಸಾಲದೆಂದು, ಅಂಟಿಕೊಂಡಿದ್ದ ತಗಡಿನ ಎಲೆಯೊಂದನ್ನು ಎಬ್ಬಿಸಲು ಹೋಗಿ ಬಗ್ಗಿಸಿಟ್ಟ. ಫೋಟೋ ತೆಗೆಯುವಾಗ ತೆರೆದು ಮುಚ್ಚುವುದು ಆ ಎಲೆಗಳೇ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿರುತ್ತವೆ. ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಸಾಗಹಾಕಿಸಿಕೊಂಡು, ಮೂರನೆಯ ತಿಂಗಳಲ್ಲಿ ಗಡಿಯಾರದ ಅಂಗಡಿಯ ಯಜಮಾನರ ಹತ್ತಿರ ಬಂದು ಬಿದ್ದೆ. ವಯಸ್ಸಾದ ಮನುಷ್ಯ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹುಟ್ಟಿದವರ ಹಾಗಿದ್ದಾರೆ. ಕ್ಯಾಮೆರಾ ತೆರೆದವರು ಮೊದಲು ಮೂಸಿ ನೋಡಿದರು. “ಯಾವ ಪುಣ್ಯಾತ್ಮರೀ ಇದಕ್ಕೆ ಎಣ್ಣೆ ಬಿಟ್ಟಿದ್ದು? ಇದೇನು ಹೊಲಿಗೆ ಮಿಷನ್ನಾ? ಈ ಎಲೆಗಳು ಒಣಗಿದ್ರೇನೇ ಓಡೋದು. ಎಣ್ಣೆ ಬಿಟ್ರೆ ಎರಡು ವಾರ ಸೊಗಸು, ಆಮೇಲೆ ಧೂಳು ಹಿಡಿದು ಗೋಂದು.” ನಾನು, “ಜನಕ್ಕೆ ಬುದ್ಧಿ ಎಲ್ಲಿದೆ ಬಿಡಿ” ಎಂದೆ. ಅವರು ಎಣ್ಣೆಯನ್ನೆಲ್ಲ ತೊಳೆದುಕೊಟ್ಟರು. ಆದರೆ ಬಗ್ಗಿದ ಎಲೆಗೂ ಕಳೆದ ಸ್ಪ್ರಿಂಗಿಗೂ ಒಂದೇ ದಾರಿ: “ಇದೇ ಮಾಡೆಲಿಂದು ಸತ್ತಿರೋದು ಇನ್ನೊಂದು ತನ್ನಿ. ಅದರದ್ದು ಕಿತ್ತು ಇದಕ್ಕೆ ಹಾಕ್ತೀನಿ. ಹೊಸದು ಯಾರೂ ಮಾಡಲ್ಲ.”

ಅಲ್ಲಿಂದಾಚೆಗೆ ನಾನು ಹೆಣ ಹುಡುಕುವವನಾದೆ. ಒಬ್ಬ, “ಈಗ್ತಾನೇ ತೂಕಕ್ಕೆ ಹಾಕ್ಬಿಟ್ಟೆ, ಒಂದು ವಾರ ಮುಂಚೆ ಬರಬಾರದಾ ತಾತ” ಎಂದ. ಇನ್ನೊಬ್ಬ ಅದರಲ್ಲಿ ಮೇಜಿನ ದೀಪ ಮಾಡಿಕೊಡುತ್ತೇನೆಂದ. ಒಂದು ಕಡೆ ಸಿಕ್ಕೇಬಿಟ್ಟಿತು ಎಂದು ಖುಷಿಯಿಂದ ಕೊಂಡು ತಂದರೆ, ಮುಖ ನೋಡಿದರೆ ಅವಳಿ ಜವಳಿ, ಬಿಚ್ಚಿದರೆ ಒಳಗೆ ಬೇರೆಯದೇ ಸಂಸಾರ. ಅದೀಗ ನನ್ನ ಮೇಜಿನ ಮೇಲೆ ರಸೀದಿಗಳು ಹಾರದ ಹಾಗೆ ಕಾಯುತ್ತಿದೆ. ಸಾಕಾಗಿಹೋಯಿತು ಮಗಳೇ. ಮಧ್ಯಾಹ್ನದ ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಯಾವ ಊರಿಗೆ ಹೋಗುತ್ತಿದ್ದೇನೆ, ಯಾವುದರಿಂದ ಬರುತ್ತಿದ್ದೇನೆ ಎನ್ನುವುದೇ ಮರೆತುಹೋಗುತ್ತಿತ್ತು. ಆದರೂ ಹೋಗುತ್ತಿದ್ದೆ. ಹೋಗುತ್ತಿರುವಷ್ಟು ದಿನ ಕೂತು ಕಾಗದ ಬರೆಯಬೇಕಾಗಿರಲಿಲ್ಲ.

ನಿನ್ನ ಗಂಡ ನಡುವೆ ಒಂದೇ ಒಂದು ಸಲ ಬಾಯಿಬಿಟ್ಟ. ಪ್ರೆಸ್ಸಿನಿಂದ ಬಂದವನು ಕೈಯ ಮಸಿ ಉಜ್ಜಿಕೊಳ್ಳುತ್ತಾ, “ಅಪ್ಪಾ, ರಿಪೇರಿ ಆದ್ರೆ ಬರ್ತಾಳೆ ಅಂದ್ಕೊಂಡಿದ್ದೀಯಾ? ಅವಳು ಹೋಗಿದ್ದು ಕ್ಯಾಮೆರಾ ಕೆಟ್ಟಿದ್ದಕ್ಕಲ್ಲ. ನಾನು ಕೆಡಿಸಿ ಇಲ್ಲ ಅಂತ ಸಾಧಿಸ್ತೀನಿ, ನಾನು ಸುಳ್ಳುಗಾರ ಅಂತ ಹೋದ್ಲು. ಆ ಬಿಡಿಭಾಗ ಯಾವ ಅಂಗಡೀಲಿ ಸಿಗುತ್ತೆ ಹೇಳು” ಎಂದ. ಹಿಂದೊಮ್ಮೆ ಅವನು ಅದನ್ನು ಹಳೇ ಡಬ್ಬಿ ಎಂದು ಹಂಗಿಸಿದ್ದು ನಿಜ, ನಾನೂ ಕೇಳಿದ್ದೇನೆ. ಆ ಮಾತು ಆಡದೇ ಇದ್ದಿದ್ದರೆ ನಿನ್ನ ಅನುಮಾನ ಅವನ ಮೇಲೆ ಹೋಗುತ್ತಿರಲಿಲ್ಲವೇನೋ. ಅವನು ಈಗ ನಿಂತುಕೊಂಡೇ ಉಣ್ಣುತ್ತಾನೆ. ಕೂತರೆ ನಿನ್ನ ಕುರ್ಚಿ ಎದುರಿಗೆ ಬರುತ್ತದೆ.

ಕೊನೆಗೆ ಸಿಕ್ಕಿದ್ದು ಮುಚ್ಚಿಹೋದ ಒಂದು ಸ್ಟುಡಿಯೋದಲ್ಲಿ. ಯಜಮಾನರು ತೀರಿಕೊಂಡು ಹನ್ನೆರಡು ವರ್ಷ. ಅವರ ಹೆಂಡತಿ, ನಾನು ಸ್ಟುಡಿಯೋ ಅಮ್ಮ ಎನ್ನುತ್ತೇನೆ, ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಗಾಜಿನ ಷೋಕೇಸಿನೊಳಗೆ ನಿನ್ನ ಕ್ಯಾಮೆರಾದ ತಮ್ಮನೇ ಕೂತಿದ್ದ, ಆದರೆ ಷೋಕೇಸಿಗೆ ಬೀಗ. “ಬೀಗದ ಕೈ ಅವರ ಹತ್ರಾನೇ ಇತ್ತು. ಎಲ್ಲಿ ಹಾಕಿದ್ರೋ, ಹೋಗೋವಾಗ್ಲೂ ಹೇಳಲಿಲ್ಲ. ಅಷ್ಟು ಬೇಜವಾಬ್ದಾರಿ ಮನುಷ್ಯ” ಎಂದರು. ಗಾಜು ಒಡೆಯಿರಿ ಎಂದು ಬಂದವರೆಲ್ಲ ಹೇಳಿದ್ದರಂತೆ. ಒಂದು ಬೀಗಕ್ಕಾಗಿ ಗಾಜು ಒಡೆಯುವುದನ್ನು ನೋಡಿಕೊಂಡಿರಲು ನನ್ನಿಂದಾಗದು. ಒತ್ತಿದರೆ ತಾನೇ ಬೀಳುವ ಜಾತಿಯ ಬೀಗ ಅದು. ಎರಡು ತಂತಿ ಹಾಕಿ ತಡಕಿದೆ, ಅವರು ಕೊಟ್ಟ ಚಹಾ ಆರುವಷ್ಟರಲ್ಲಿ ತೆಗೆದುಕೊಂಡಿತು. ಅಮ್ಮ ಮೇಲಿನ ಹಲಗೆಯಿಂದ ಒಂದು ರೀಲಿನ ಡಬ್ಬಿ ತೆಗೆದು ಅಲ್ಲಾಡಿಸಿದರು. ಒಳಗೆ ಬೀಗದ ಕೈ. ಕೆಂಪು ದಾರ ಕಟ್ಟಿತ್ತು. ಅದನ್ನು ನೋಡಿ ಅವರು ಸ್ಟೂಲಿನ ಮೇಲೆ ಕೂತೇಬಿಟ್ಟರು. “ಈ ದಾರ ಕಟ್ಟಿದ್ದು ನಾನು. ಕಳೆದುಹೋಗಬಾರದು ಅಂತ ಇಲ್ಲಿ ಇಟ್ಟು, ಬಾಗಿಲು ಒತ್ತಿದ್ದೂ ನಾನೇ” ಎಂದರು. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನನ್ನೇ ಕೇಳಿದರು: “ಹನ್ನೆರಡು ವರ್ಷ ಅವರನ್ನ ಬೈದೆನಲ್ಲಾ, ಈಗ ಯಾರ ಹತ್ರ ಹೋಗಿ ತಪ್ಪಾಯ್ತು ಅನ್ನಲಿ?” ನಾನು ಆರಿದ ಚಹಾ ಕುಡಿದು ಎದ್ದೆ. ಕ್ಯಾಮೆರಾಕ್ಕೆ ಅವರು ಬೆಲೆ ಹೇಳಲಿಲ್ಲ, ನಾನು ಬಲವಂತ ಮಾಡಲೂ ಇಲ್ಲ.

ಅದು ಕಳೆದ ಮಂಗಳವಾರದ ಮಾತು. ಗುರುವಾರ ಗಡಿಯಾರದ ಯಜಮಾನರು ಎಲೆಯನ್ನೂ ಸ್ಪ್ರಿಂಗನ್ನೂ ಕೂರಿಸಿದರು. ಕಿವಿಯ ಹತ್ತಿರ ಹಿಡಿದು ಒತ್ತಿದರೆ ಟಿಕ್ಕೆಂದು ಒಂದೇ ಸದ್ದು, ಹದವಾದ ಬೀಗ ಬಿದ್ದ ಹಾಗೆ. ಪರೀಕ್ಷೆಗೆಂದು ಹಾಕಿದ ರೀಲಿನಲ್ಲಿ ಒಂದನ್ನು ಮಾತ್ರ ಬಳಸಿದ್ದೇನೆ, ನಿಂತುಕೊಂಡು ಉಣ್ಣುತ್ತಿರುವವನ ಫೋಟೋ. ಬೆಳಕು ಸಾಕಾಗಿದೆಯೋ ಇಲ್ಲವೋ ತೊಳೆಸಿದ ಮೇಲೆ ನೀನೇ ಹೇಳಬೇಕು. ಉಳಿದ ಮೂವತ್ತೈದು ನಿನಗೆ. ಹತ್ತಿಯಲ್ಲಿ ಸುತ್ತಿ, ಈ ಕಾಗದದ ಜೊತೆಯಲ್ಲೇ ಪಾರ್ಸೆಲ್ ಮಾಡುತ್ತಿದ್ದೇನೆ.

ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕೈ ತೆಗೆದ ಚಿತ್ರಗಳು ಅಲ್ಲಾಡದಿರಲಿ, ನಿನ್ನ ಮನಸ್ಸೂ ಹಾಗೇ ನೆಮ್ಮದಿಯಾಗಿರಲಿ ಎಂದು ಹರಸುವ

ನಿನ್ನ ಮಾವ

ವಿ.ಸೂ.: ಇದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಅಂಚೆಯವರು ಮುಚ್ಚುವುದರೊಳಗೆ ಬರೆದುಬಿಡುತ್ತೇನೆ. ಆ ಎಣ್ಣೆ ಬಿಟ್ಟ ಪುಣ್ಯಾತ್ಮ ನಾನು. ಅದು ಕೆಡುವುದಕ್ಕೆ ಮೂರು ವಾರ ಮುಂಚೆ ನೀನು ಬಟ್ಟೆ ಒಣಹಾಕುತ್ತಾ, “ಶಟರ್ ಯಾಕೋ ಹಿಡ್ಕೊಳ್ತಿದೆ ಮಾವಾ” ಎಂದೆ. ನನಗೆ ಗೊತ್ತಿರುವ ಶಟರು ಅಂಗಡಿಯ ಬಾಗಿಲಿಗೆ ಎಳೆಯುವುದು, ಅದು ಹಿಡಿದರೆ ನಲವತ್ತು ವರ್ಷದಿಂದ ಮಾಡುವುದು ಒಂದೇ ಕೆಲಸ. ನೀನು ಒಳಗೆ ಬರುವಷ್ಟರಲ್ಲಿ ಗುಂಡಿಯ ಸಂದಿಗೊಂದು ಹನಿ, ಗಾಜಿನ ಸುತ್ತಿನ ಉಂಗುರಕ್ಕೊಂದು ಹನಿ ಬಿಟ್ಟು ಒರೆಸಿ ಇಟ್ಟಿದ್ದೆ. ಸಂಜೆ ನೀನು “ತಾನೇ ಸರಿಹೋಯ್ತು” ಎಂದಾಗ ಒಳಗೊಳಗೇ ಬೀಗಿದೆ. ಆಮೇಲೆ ಅದು ನಿಂತಾಗ ಎರಡಕ್ಕೂ ಸಂಬಂಧ ಇದೆ ಎಂದು ದೇವರಾಣೆ ನನಗೆ ಹೊಳೆಯಲಿಲ್ಲ. ಗಡಿಯಾರದವರು ಮೂಸಿದ ದಿನ ಗೊತ್ತಾಯಿತು. ಅಂದೇ ಬರೆಯಬೇಕಿತ್ತು. ರಿಪೇರಿ ಮಾಡಿಸಿ, ಕೈಯಲ್ಲಿ ವಸ್ತು ಹಿಡಿದು ಹೇಳೋಣ ಎಂದುಕೊಂಡೆ, ನಾಲ್ಕು ತಿಂಗಳು ನುಂಗಿಕೊಂಡು ತಿರುಗಿದೆ. ಬದಿಗಿಟ್ಟ ಬಾಬ್ತು ಅದೇ. ಈ ಕಾಗದವನ್ನು ನಿನ್ನ ಗಂಡನಿಗೆ ಈಗಷ್ಟೇ ಓದಿ ಹೇಳಿದೆ. ಅವನು ತಟ್ಟೆ ತೊಳೆದಿಟ್ಟು ಬಂದು, ಈ ಕಾಗದ ತೂರಿಸುವಷ್ಟು ಸಡಿಲ ಬಿಟ್ಟು ಪಾರ್ಸೆಲಿನ ದಾರ ಕಟ್ಟಿದ.

ಯಾರಿಗೆ ಏನು ಸಿಕ್ಕಿತು ಎಂದರೆ: ಮೊಬೈಲಿನವನಿಗೆ, ಎಂದಾದರೂ ಗುಡಿಸಿದರೆ, ಒಂದು ಸ್ಪ್ರಿಂಗು. ಸ್ಟುಡಿಯೋ ಅಮ್ಮನಿಗೆ ಅವರ ಬೀಗದ ಕೈ. ನಿನಗೆ ನಿನ್ನ ತಂದೆಯ ಕ್ಯಾಮೆರಾ. ನನ್ನ ಮಗನಿಗೆ, ತಾನು ಕೆಡಿಸಿಲ್ಲವೆಂದು ಅವನು ಆಡಿದ ಮಾತು ನಿಜವೆಂಬುದು. ನನಗೆ ಎಣ್ಣೆ ಡಬ್ಬಿ.