ಬಣ್ಣ ಕೇಳದ ಬಾಗಿಲು

ಜುಲೈ ಮೂವತ್ತೆಂಟು, ೨೧೮೭
ಮಿಸಿಸಿಪ್ಪಿ ನದಿಯ ದಡ

ಹಿಂದಿನ ಕಾಲದ ನನ್ನ ಹಿರಿಯರೇ,

ಬೇಸಿಗೆ ಉದ್ದವಾದಂತೆ ಇಲ್ಲಿ ತಿಂಗಳನ್ನೂ ಎಳೆದಿದ್ದಾರೆ. ತಾರೀಕು ನೋಡಿ ಬೆಚ್ಚಬೇಡಿ. ಆರು ತಲೆಮಾರು ಅಮೆರಿಕದಲ್ಲಿ ಸವೆದ ಕನ್ನಡ ನನ್ನದು. ಮಾತು ಒರಟಾಗಿದ್ದರೆ ಮನ್ನಿಸಿ.

ನಾನು ವಾರಿಜಾ, ತಂಪುಮನೆಯೊಂದರ ಬಾಗಿಲು ಕಾಯುವವಳು. ಬಿಸಿಲು ಕೊಲ್ಲುವಷ್ಟು ಏರಿದಾಗ ಊರಿನವರು ಬಂದು ಕೂರುವ ಜಾಗವಿದು. ಇಲ್ಲಿ ಯಾರೂ ಯಾರ ಬಣ್ಣವನ್ನೂ ಕೇಳುವುದಿಲ್ಲ. ಆ ಪದವೇ ಕಾನೂನಿನಲ್ಲಿಲ್ಲ. ಬಾಗಿಲು ನೋಡುವುದು ನೆಲಗುರುತನ್ನು ಮಾತ್ರ. ಅಂದರೆ, ನಿಮ್ಮ ಹಿರಿಯರು ಯಾವ ಬೀದಿಯಲ್ಲಿದ್ದರು ಎಂಬುದರಿಂದ ಬರುವ ಅಂಕೆ. ಕರಿಯರನ್ನು ಒಂದು ಕಾಲದಲ್ಲಿ ಯಾವ ಬೀದಿಗಳಿಗೆ ತಳ್ಳಿದ್ದರೋ ಆ ಬೀದಿಗಳ ಅಂಕೆಯೇ ಇಂದಿಗೂ ಕಡಿಮೆ. ನನ್ನ ಮುತ್ತಜ್ಜ ಮನೆ ಕೊಂಡದ್ದು ಒಳ್ಳೆಯ ಬೀದಿಯಲ್ಲಿ. ಅದಕ್ಕೇ ನನಗೆ ಈ ಕೆಲಸ.

ಕಳೆದ ಮಂಗಳವಾರ ಮಧ್ಯಾಹ್ನ ಒಡೆಸ್ಸಾ ಟೀಚರ್ ಬಂದರು. ನನಗೆ ಓದಲು ಕಲಿಸಿದವರು. ವಯಸ್ಸು ಎಂಬತ್ತೊಂದು, ತುಟಿ ಒಣಗಿ ಬಿರಿದಿತ್ತು. ಬಾಗಿಲು ಕೆಂಪು ದೀಪ ತೋರಿಸಿತು. ಇಲ್ಲಿ ಜಾಗವಿಲ್ಲ, ನಾಲ್ಕು ಮೈಲಿ ಆಚೆ ಕಡಿಮೆ ಅಂಕೆಯವರಿಗಿರುವ ಎರಡನೇ ತಂಪುಮನೆಗೆ ಹೋಗಬೇಕೆಂದು ನಾನು ನಿಯಮ ಓದಿದೆ.

"ಒಳಗೆ ಎಷ್ಟು ಕುರ್ಚಿ ಖಾಲಿ ಇದೆ ಮಗಳೇ?" ಎಂದರು.

"ಹನ್ನೊಂದು, ಟೀಚರ್."

"ಹಾಗಾದ್ರೆ ಜಾಗ ಇಲ್ಲ ಅನ್ಬೇಡ. ನಿಮಗೆ ಇಲ್ಲ ಅನ್ನು. ನನ್ನ ಮುಖ ನೋಡಿ ಹೇಳು."

ಕೈಯಿಂದ ತೆರೆಯುವ ಕೀಲಿ ನನ್ನ ಸೊಂಟದಲ್ಲೇ ಇತ್ತು. ತೆರೆದರೆ ಕೆಲಸ ಹೋಗುತ್ತಿತ್ತು. ನಾನು ನೆಲ ನೋಡಿದೆ. ಅವರು ಸೆರಗಿನಂಥ ಬಿಳಿ ಬಟ್ಟೆಯನ್ನು ತಲೆಗೆ ಎಳೆದುಕೊಂಡು ನಡೆದರು. ಎರಡನೇ ಮೈಲಿಯಲ್ಲಿ, ಒಂದು ಗೋಡೆಗೆ ಒರಗಿ ಕೂತಿದ್ದವರನ್ನು ಸಂಜೆ ಎತ್ತಿಕೊಂಡು ಹೋದರಂತೆ. ಜೀವ ಆಗಲೇ ಹೋಗಿತ್ತು.

ವಿಚಾರಣೆ ಕಾಲು ಗಂಟೆಯಲ್ಲಿ ಮುಗಿಯಿತು. ನಿಯಮ ಪಾಲಿಸಿದೆ ಎಂದೆ. "ಅಂಕೆಗೆ ಬಣ್ಣವಿಲ್ಲ, ತಾರತಮ್ಯ ನಡೆದಿಲ್ಲ" ಎಂದು ಅಧಿಕಾರಿಗಳು ಬರೆದುಕೊಂಡರು. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ನಾವು ದಿನಾ ಬೆಳಿಗ್ಗೆ ಎದ್ದು ನಿಂತು ಹೇಳುತ್ತೇವೆ. ಹುಟ್ಟಿದ ಮೇಲಿನ ಮಾತನ್ನು ಯಾರೂ ಎತ್ತುವುದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಅನ್ಯಾಯ ಅಳಿಯುವ ಮುಂಚೆ ಅದರ ಹೆಸರನ್ನು ಅಳಿಸಲು ಬಿಡಬೇಡಿ. ಹೆಸರಿಲ್ಲದ್ದನ್ನು ನಾವು ಯಾರ ಮುಂದೆ ದೂರಬೇಕು?

ನನ್ನನ್ನು ಒಳ್ಳೆಯವಳೆಂದು ತಿಳಿಯಬೇಡಿ. ನಿನ್ನೆ ನನಗೆ ಬಡ್ತಿ ಕೊಟ್ಟರು. ತೆಗೆದುಕೊಂಡೆ.

ನಿಮ್ಮ ಕುಡಿ,
ವಾರಿಜಾ